ಫೀಸ್ ವಾಪಸ್ ಬಂತು, ಸೀಟ್ ಹೋಯ್ತಾ?

ಅಕೌಂಟಿಗೆ ಹದಿನಾಲ್ಕು ಸಾವಿರ ಬಂದು ಬಿದ್ದರೆ ನೀವೇನು ಮಾಡುತ್ತೀರಿ? ನಾನಾದರೆ ಮೊದಲು ಒಂದು ಸೀರೆ, ಆಮೇಲೆ ಯಾರು ಹಾಕಿದ್ದು ಎಂಬ ವಿಚಾರಣೆ. ನಮ್ಮ ಮಲ್ಲಪ್ಪ ಮಾತ್ರ ತಲೆ ಮೇಲೆ ಕೈಹೊತ್ತು ಕೂತುಬಿಟ್ಟರು.

ಮಲ್ಲಪ್ಪ ಯಾದಗಿರಿ ಕಡೆಯ ಗಾರೆ ಕೆಲಸದವರು. ಕುಂದಲಹಳ್ಳಿಯಲ್ಲಿ ನಮ್ಮದೇ ಬಿಲ್ಡಿಂಗಿನ ಕೆಳಗಿನ ರೂಮಿನಲ್ಲಿ ಹೆಂಡತಿ, ಮಗಳ ಜೊತೆ ಇದ್ದಾರೆ. (ನಾವೂ ಬಾಡಿಗೆಯವರೇ, ಎರಡು ಮಹಡಿ ಮೇಲೆ ಅಷ್ಟೇ.) ಮಗಳು ಸಾವಿತ್ರಿ ಈ ವರ್ಷ ಬಿಸಿಎಗೆ ಸೇರಿದಳು. ಒಂದು ಟ್ರಸ್ಟಿನವರು ಸ್ಕಾಲರ್‌ಶಿಪ್ ಕೊಟ್ಟರು, ಮಿಕ್ಕಿದ್ದನ್ನು ಅಪ್ಪ ಕೈಯಿಂದ ಕಟ್ಟಿದರು. ಮಗಳು ಕಂಪ್ಯೂಟರ್ ಓದುತ್ತಿದ್ದಾಳೆ ಎಂದು ಅವರಿಂದ ಕೇಳದವರು ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಇಲ್ಲ.

ಕಳೆದ ಶನಿವಾರ ಬೆಳಿಗ್ಗೆ ಬಾಗಿಲು ಬಡಿದರು. ಕೈಯಲ್ಲಿ ಫೋನು, ಅದರಲ್ಲಿ ಬ್ಯಾಂಕಿನ ಇಂಗ್ಲಿಷ್ ಮೆಸೇಜು.

"ಅಕ್ಕಾರ, ನಮ್ಮ ಹುಡುಗೀನ ಕಾಲೇಜಿಂದ ತೆಗದ್ಬಿಟ್ಟಾರ್ರೀ."

"ಯಾರು ಹೇಳಿದ್ದು?"

"ರೊಕ್ಕ ವಾಪಸ್ ಹಾಕ್ಯಾರಲ್ರೀ! ಇನ್ನೇನ್ ಹೇಳ್ಬೇಕ್ರೀ?"

ಓದಿದೆ. ಕಾಲೇಜಿನ ಹೆಸರು, ಹದಿನಾಲ್ಕು ಸಾವಿರ, ರಿಫಂಡ್. ಅಷ್ಟೇ. "ಅಯ್ಯೋ, ಸ್ಕಾಲರ್‌ಶಿಪ್ ಬೋನಸ್ ಇರಬೇಕು ಕಣ್ರೀ, ಸ್ವೀಟ್ ಕೊಡಿಸಿ" ಅಂದೆ. (ಗೊತ್ತಿಲ್ಲದ ವಿಷಯದಲ್ಲಿ ನನಗೆ ಧೈರ್ಯ ಜಾಸ್ತಿ.)

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ಓನರ್ ಜಯಕ್ಕ ತೀರ್ಪು ಕೊಟ್ಟೇಬಿಟ್ಟರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹದಿನಾರು ಮನೆ ಕಟ್ಟಿಸಿರುವ ಅನುಭವಸ್ಥೆ ಅವರು. "ನಾನ್ ಅಡ್ವಾನ್ಸ್ ವಾಪಸ್ ಕೊಟ್ರೆ ಏನರ್ಥ? ಮನೆ ಖಾಲಿ ಮಾಡು ಅಂತ ತಾನೇ? ಅಂಗೇ ಇದೂವೆ."

ಈ ಕಡೆ ಬಾಡಿಗೆಗೆ ಇದ್ದವರಿಗೆಲ್ಲ ಗೊತ್ತಿರುವ ಕಾನೂನಿದು. ಅಡ್ವಾನ್ಸ್ ಓನರ್ ಹತ್ತಿರ ಇರುವ ತನಕ ನಮಗೊಂದು ನೆಲೆ. ಅದು ಕೈಗೆ ವಾಪಸ್ ಬಂತೋ (ಪೇಂಟಿಂಗ್ ಖರ್ಚು ಮುರಿದುಕೊಂಡೇ ಕೊಡುತ್ತಾರೆ ಬಿಡಿ), ಪಾತ್ರೆಪಗಡ ಕಟ್ಟಬೇಕು. ಮಲ್ಲಪ್ಪ ಹನ್ನೊಂದು ವರ್ಷದಲ್ಲಿ ಆರು ರೂಮು ಬದಲಾಯಿಸಿದವರು. ಅವರಿಗೆ ರಿಫಂಡ್ ಅಂದರೆ ಬೇರೆ ಅರ್ಥ ಹೇಗೆ ಹೊಳೆಯಬೇಕು?

"ಮಗಳನ್ನೇ ಕೇಳಬಾರದಾ?" ಅಂದೆ.

"ಹ್ಯಾಂಗ್ ಕೇಳ್ಲಿರೀ? ಮೆಸೇಜ್ ಬಂದು ಎರಡು ದಿನ ಆತು. ಆಕಿ ದಿನಾ ಬ್ಯಾಗ್ ಹಾಕ್ಕೊಂಡು ಹೊಂಟೇ ಬಿಡ್ತಾಳ. ನಮಗ ಗೊತ್ತಾಗಬಾರ್ದಂತ ಎಲ್ಲಿ ಹೋಗಿ ಕುಂದರ್ತಾಳೋ ಏನೋ!"

ನನ್ನ ಬೋನಸ್ ಮಾತಿಗೆ ನನಗೇ ನಾಚಿಕೆಯಾಯಿತು.

ಅವರ ಪ್ಲಾನ್ ಮಾತ್ರ ಸಿದ್ಧವಾಗಿತ್ತು. ಮಗಳ ಜೊತೆಗಿನ ಜಾಯಿಂಟ್ ಅಕೌಂಟಿನಿಂದ ಅಷ್ಟೂ ದುಡ್ಡು ಬಿಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡಿದ್ದರು. ಅದನ್ನು ಕಾಲೇಜಿನ ಕೌಂಟರಿನಲ್ಲಿ ಇಟ್ಟು ಸೀಟು ವಾಪಸ್ ಕೇಳುವುದು. ಇಂಗ್ಲಿಷಿಗೆ ಜೊತೆಯಲ್ಲಿ ನಾನು.

ಹೋದೆವು. ಫೀಸ್ ಕೌಂಟರಿನಲ್ಲಿ ಒಬ್ಬರು ಮೇಡಂ ಇದ್ದರು. ಮಲ್ಲಪ್ಪ ಕವರನ್ನು ಕಿಂಡಿಯೊಳಗೆ ತಳ್ಳಿದರು.

"ತಗೋರಿ ಮೇಡಂ. ಈ ರೊಕ್ಕ ನಮಗ ಬ್ಯಾಡ. ಹುಡುಗೀನ ಇಟ್ಕೋರಿ."

ಮೇಡಂ ಕಕ್ಕಾಬಿಕ್ಕಿ! ರಿಫಂಡ್ ಯಾಕೆ ಬಂದಿಲ್ಲ ಎಂದು ಜಗಳ ಆಡುವವರನ್ನು ದಿನಾ ನೋಡುವ ಕೌಂಟರು ಅದು. ಬಂದಿದ್ದನ್ನು ಬೇಡ ಅನ್ನುವವರನ್ನು ಎಲ್ಲಿ ನೋಡಿರುತ್ತಾರೆ? ಕಂಪ್ಯೂಟರ್ ತಡಕಾಡಿ ನಕ್ಕರು.

"ಯಾರೂ ತೆಗೆದಿಲ್ಲ ಸಾರ್. ನಿಮ್ಮ ಮಗಳು ಬಿಸಿಎ ಬಿಟ್ಟು ಬಿಕಾಂಗೆ ಚೇಂಜ್ ಮಾಡ್ಕೊಂಡಿದಾರೆ. ಬಿಕಾಂ ಫೀಸ್ ಕಡಿಮೆ. ಟ್ರಸ್ಟ್ ಕೊಟ್ಟಿದ್ದೇ ಸಾಕಾಯ್ತು, ನೀವು ಕಟ್ಟಿದ್ದು ನಿಮಗೆ ವಾಪಸ್. ಇನ್ನೂ ಉಳಿದಿದ್ರೆ ಅದು ಟ್ರಸ್ಟಿಗೆ ಹೋಗ್ತಿತ್ತು."

(ಬೋನಸ್ಸೂ ಇಲ್ಲ, ಮಣ್ಣೂ ಇಲ್ಲ.)

"ಅಂದ್ರ ಸೀಟ್ ಐತ್ರೀ?"

"ಇದೆ ಸಾರ್. ಈಗ ಕ್ಲಾಸಲ್ಲೇ ಇರ್ತಾರೆ ನೋಡಿ."

ಮಲ್ಲಪ್ಪ ಅಲ್ಲೇ ಕುರ್ಚಿಯಲ್ಲಿ ಕುಸಿದು ಜೋರಾಗಿ ನಗತೊಡಗಿದರು. ಕಣ್ಣಲ್ಲಿ ನೀರು ಬೇರೆ. ಕ್ಲಾಸು ಬಿಟ್ಟ ಮೇಲೆ ಬಂದ ಸಾವಿತ್ರಿ ಅಪ್ಪನನ್ನು ಕಂಡು ಬಿಳಿಚಿಕೊಂಡಳು.

"ಕೋಡಿಂಗ್ ನನ್ನ ತಲಿಗೆ ಹತ್ತಲಿಲ್ಲಪ್ಪಾ. ನೀ ಎಲ್ಲರ ಮುಂದ ಕಂಪ್ಯೂಟರ್, ಕಂಪ್ಯೂಟರ್ ಅಂತಿದ್ದಿ. ಹ್ಯಾಂಗ್ ಹೇಳ್ಲಿ?"

"ಹುಚ್ಚೀ, ಓದಾಕತ್ತೀಯಲ್ಲ, ಸಾಕು. ನಾಳಿಂದ ಬಿಕಾಂ ಅಂತ ಹೇಳ್ತೀನಿ, ಅದರಾಗೇನೈತಿ?"

ಭಾನುವಾರ ಬೆಳಿಗ್ಗೆಯೇ ಶುರು ಮಾಡಿದರು. ಜಯಕ್ಕ ಆಗಲೇ ಸಾವಿತ್ರಿಯನ್ನು ಕರೆದು, ಹದಿನಾರು ಮನೆಯ ಕರೆಂಟ್ ಬಿಲ್ ನೋಡಿಕೊಡು ಎಂದು ಕೂರಿಸಿಕೊಂಡಿದ್ದಾರೆ.

ಎಲ್ಲ ಸುಖಾಂತ್ಯವೇ, ಒಪ್ಪಿದೆ. ಆದರೂ ನನಗೆ ಸಿಟ್ಟು ಇಳಿದಿಲ್ಲ. ಎರಡು ದಿನ ಆ ಮನುಷ್ಯ ಸರಿಯಾಗಿ ಊಟ ಮಾಡಿಲ್ಲ, ಮಗಳ ಮುಖ ನೋಡಿ ಮಾತಾಡಿಲ್ಲ. ದುಡ್ಡು ಹಾಕಿದ ಕಾಲೇಜಿನವರು ಅದರ ಜೊತೆಗೆ 'ಕೋರ್ಸ್ ಬದಲಾಗಿದೆ, ನಿಮ್ಮ ಮಗಳ ಸೀಟು ಹಾಗೇ ಇದೆ' ಎಂದು ಕನ್ನಡದಲ್ಲಿ ಒಂದೇ ಒಂದು ಸಾಲು ಕಳಿಸಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?