ನನ್ನ ಗೇಟು ನಟಿಸಿದ ಹಾಡು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನನ್ನ ಹೆಂಡತಿ ಮದುವೆಯಾದ ಹೊಸತರಲ್ಲೇ ಕಂಡುಹಿಡಿದಳು. ನಾನು ಒಪ್ಪಿಕೊಳ್ಳುತ್ತಿರುವುದು ಈಗ. ಹಾಗಂತ ಬೇರೆಯವರ ಕಾರು, ಸೈಟು ಕಂಡು ಉರಿಯುವವನಲ್ಲ. ನನ್ನ ಕಿಚ್ಚು ಸ್ವಲ್ಪ ಮೇಲ್ದರ್ಜೆಯದು. ಹಾಡಿನ ವಿಡಿಯೊಗಳನ್ನು ಕಂಡರೆ ನನಗೆ ಆಗುವುದಿಲ್ಲ.

ಯಾಕೆ ಅಂತೀರಾ? ಜಾತಿ, ಧರ್ಮ, ಅನ್ಯಾಯ ಅಂತ ನಾನು ಎಂಟು ಪುಟ ಪ್ರಬಂಧ ಬರೆದರೆ ಓದುವವರು ನಾಲ್ಕು ಜನ. ಅವರಲ್ಲಿ ಒಬ್ಬರು ಪ್ರೂಫ್ ನೋಡುವವರು. ಈ ಹಾಡಿನವರು ಅದನ್ನೇ ಮೂರೇ ನಿಮಿಷದಲ್ಲಿ ಮುಗಿಸಿಬಿಡುತ್ತಾರೆ! ವಿದೇಶದ್ದಾದರೆ ಕಪ್ಪು ಹುಡುಗನೊಬ್ಬ ಪೊಲೀಸರ ಟಾರ್ಚಿನ ಬೆಳಕಿಗೆ ಕಣ್ಣು ಮಿಟುಕಿಸದೆ ಹಾಡುತ್ತಾನೆ. ನಮ್ಮದಾದರೆ ಗುಡಿ, ಮಸೀದಿ, ಚರ್ಚು ಮೂರನ್ನೂ ತೋರಿಸಿ ಪಾರಿವಾಳ ಹಾರಿಸುತ್ತಾರೆ. ಶಿವಾಜಿನಗರದಲ್ಲಿ ಆ ಮೂರೂ ಬಸ್ಸಿನ ಒಂದೇ ಕಿಟಕಿಯಿಂದ ಕಾಣುತ್ತವೆ, ಪಾರಿವಾಳವಂತೂ ಪುಕ್ಕಟೆ, ಅದರಲ್ಲೇನು ಹೆಚ್ಚುಗಾರಿಕೆ? ಇನ್ನು ಅನ್ಯಾಯ ಮಾಡುವವನಿಗೆ ಗಿರಿಜಾ ಮೀಸೆ, ಕೆಂಪು ಕಣ್ಣು, ಸ್ಲೋ ಮೋಷನ್. ಅಂಥವನನ್ನು ನಮ್ಮ ಜೋಗುಪಾಳ್ಯದಲ್ಲಿ ನಾನಂತೂ ಕಂಡಿಲ್ಲ. ಹೀಗೆ ಮೂಗು ಮುರಿಯುತ್ತಲೇ ಕೊನೆಯವರೆಗೂ ನೋಡುತ್ತೇನೆ, ಕೆಳಗೆ ಲಕ್ಷಗಟ್ಟಲೆ ಮೆಚ್ಚುಗೆ ಕಂಡು ಎದೆ ನೀವಿಕೊಳ್ಳುತ್ತೇನೆ.

ಹೀಗಿರುವಾಗ ಹಾಡು ನಮ್ಮ ಗೇಟಿಗೇ ಬಂತು. ಕೆ.ಆರ್. ಪುರಂ ಕಡೆಯ ಹುಡುಗಿ, ಹೆಸರು ಸುಜಾತ. ಲ್ಯಾಬೊಂದರಲ್ಲಿ ಕೆಲಸ, ರಜೆಯ ದಿನ ರ‍್ಯಾಪು.

"ಸರ್, ಒಂದು ಶಾಟ್‌ಗೆ ನಿಮ್ಮ ಗೇಟು, ಆ ಟು-ಲೆಟ್ ಬೋರ್ಡು ಬೇಕಿತ್ತು. ಮನೆ ಬಾಡಿಗೆಗೆ ಕೊಡೋವಾಗ ಜಾತಿ ನೋಡ್ತಾರಲ್ಲ, ಅದ್ರ ಮೇಲೆ ಹಾಡು."

ನಮ್ಮ ಮಹಡಿ ಮನೆ ಖಾಲಿಯಿತ್ತು, ಬೋರ್ಡು ನೇತಾಡುತ್ತಿತ್ತು. ನಾನು ಉಬ್ಬಿಹೋದೆ. ಇದೇ ವಿಷಯದ ಮೇಲೆ ನಾನು ಬರೆದಿದ್ದ ಪ್ರಬಂಧ ತಂದುಕೊಟ್ಟು, ಬೇಕಾದರೆ ನಾಲ್ಕು ಸಾಲು ಸೇರಿಸಿಕೋ ಅಂದೆ.

"ಹಾಡು ರೆಡಿ ಇದೆ ಸರ್. ಗೇಟು ಸಾಕು," ಅಂದಳು.

ಹೋಗಲಿ, ಮನೆ ಮಾಲೀಕನ ಪಾತ್ರಕ್ಕಾದರೂ ಕರೆದಾರು ಎಂದು ಮುಖ ತೊಳೆದು, ತಲೆ ಬಾಚಿ ನಿಂತೆ. ಅದೂ ಮುರುಗನ್‌ಗೆ ಹೋಯಿತು. ಮುರುಗನ್ ಅಂದರೆ ನಮ್ಮ ಗೇಟಿನ ಪಕ್ಕ ಇಸ್ತ್ರಿ ಗಾಡಿ ಇಟ್ಟುಕೊಂಡವನು. ಅವನ ಮೈಮೇಲೆ ನನ್ನದೇ ಬಿಳಿ ಶರ್ಟು!

"ಕೋಪ ಮಾಡ್ಕೋಬೇಡಿ ಸಾರ್, ತಿರ್ಗಾ ಇಸ್ತ್ರಿ ಮಾಡ್ಕೊಡ್ತೀನಿ," ಅಂದ.

ಕನ್ನಡಕ ಹಣೆಗೇರಿಸಿ, ಗೇಟಿನ ಚಿಲಕದ ಮೇಲೆ ಕೈಯಿಟ್ಟು, ಲೊಚಗುಟ್ಟುತ್ತ ನಿಂತ ನೋಡಿ, ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಯಾರನ್ನು ನೋಡಿ ಕಲಿತನೋ, ಮಹಾರಾಯ!

ಅವನು ಹೇಳಬೇಕಿದ್ದದ್ದು ಒಂದೇ ಮಾತು. ಮನೆ ಕೇಳಲು ಬಂದ ಹುಡುಗಿ ತನ್ನ ಪೂರ್ತಿ ಹೆಸರು ಹೇಳಿದ ಕೂಡಲೇ, "ಅಯ್ಯೋ, ಈಗಷ್ಟೇ ಬೇರೆಯವ್ರಿಗೆ ಮಾತು ಕೊಟ್ಬಿಟ್ವಲ್ಲಮ್ಮಾ!" ಎನ್ನಬೇಕು. ಮೀಸೆಯಿಲ್ಲ, ಕೆಂಪು ಕಣ್ಣಿಲ್ಲ. ಸಾಲು ಚೆನ್ನಾಗಿತ್ತು; ನನಗೆ ತಡೆಯಲಾಗದ್ದೇ ಅದು. ಏನಾದರೂ ಕೊರತೆ ಹುಡುಕಲೇಬೇಕಲ್ಲ!

"ಅಷ್ಟಕ್ಕೇ ನಿಲ್ಸಿದ್ರೆ ಸಾಲ್ದು," ಎಂದು ಕ್ಯಾಮೆರಾ ಮುಂದೆ ನುಗ್ಗಿದೆ. "ಕನಿಕರ ಬರ್ಬೇಕು ಕಣಮ್ಮ. 'ಒಂದು ಗಂಟೆ ಮುಂಚೆ ಬರ್ಬಾರ್ದಿತ್ತಾ?' ಅನ್ಬೇಕು."

ಸುಜಾತ ನನ್ನನ್ನೇ ನೋಡಿದಳು.

"ಹೌದು ಸರ್. ಅವತ್ತು ನೀವು ಅದನ್ನೂ ಹೇಳಿದ್ರಿ. ನಾನೇ ಮರ್ತಿದ್ದೆ," ಎಂದು ಬರೆದುಕೊಂಡಳು.

ನಾಲ್ಕು ವರ್ಷದ ಹಿಂದೆ ಮನೆ ಕೇಳಿಕೊಂಡು ಬಂದಿದ್ದಳಂತೆ. ನನಗೆ ಅವಳ ಮುಖವೂ ನೆನಪಿರಲಿಲ್ಲ. ಅದೇ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೆನೋ ಏನೋ! ಆ ವರ್ಷ ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಮನೆ ಮೂರು ತಿಂಗಳು ಖಾಲಿ ಬಿದ್ದಿತ್ತು. ಮೇಲೆ ಗಲಾಟೆಯಿಲ್ಲ ಎಂದು ಅಲ್ಲೇ ಕೂತು ಸಮಾನತೆಯ ಪ್ರಬಂಧ ಬರೆದು ಮುಗಿಸಿದ್ದೆ. ಗೇಟಿನ ಮುಂದೆ ನಿಂತಿದ್ದ ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಹಾಡು ಹಿಟ್ಟಾಯಿತು. ಹಲಸೂರಿನ ಚಿಳ್ಳೆಪಿಳ್ಳೆಗಳೆಲ್ಲ ಮುರುಗನ್ ಹಾಗೆ ಲೊಚಗುಟ್ಟತೊಡಗಿದವು. ಇಂದಿರಾನಗರದ ಮೆಟ್ರೊದಲ್ಲಿ ಬಾಗಿಲು ಮುಚ್ಚಿ ಹೊರಗುಳಿದ ಗೆಳೆಯನಿಗೆ ಒಳಗಿದ್ದವನೊಬ್ಬ, "ಒಂದು ಗಂಟೆ ಮುಂಚೆ ಬರ್ಬಾರ್ದಿತ್ತಾ, ಮಗಾ?" ಎಂದು ಕೈಯಾಡಿಸಿದ. ಬೋಗಿಯೆಲ್ಲ ನಕ್ಕಿತು. ಮೂವತ್ತು ವರ್ಷ ಬರೆದವನ ಒಂದೇ ಒಂದು ಸಾಲು ಜನರ ಬಾಯಲ್ಲಿ ನಿಂತಿದೆ. ಅದು ನನ್ನದೆಂದು ಹೇಳಿಕೊಳ್ಳುವ ಹಾಗಿಲ್ಲ. ಇಂಥ ಹೊಟ್ಟೆಕಿಚ್ಚು ಶತ್ರುವಿಗೂ ಬೇಡ.

ಮೊನ್ನೆ ಮಹಡಿ ಮನೆ ಕೇಳಿಕೊಂಡು ಶಿವಾಜಿನಗರದಿಂದ ಗಂಡಹೆಂಡತಿ ಬಂದರು. ಅಭ್ಯಾಸಬಲ, ಪೂರ್ತಿ ಹೆಸರು ಕೇಳಿದೆ. "ನಸ್ರೀನ್ ಬಾನು," ಎಂದರು ಆಕೆ. "ಅಯ್ಯೋ..." ಎಂದು ನನ್ನ ಬಾಯಿ ತನ್ನಷ್ಟಕ್ಕೇ ತೆರೆದುಕೊಂಡಿತು.

"ಗೊತ್ತಾಯ್ತು ಬಿಡಿ ಸರ್, ಒಂದು ಗಂಟೆ ಮುಂಚೆ ಬರ್ಬೇಕಿತ್ತು," ಎಂದು ಆಕೆ ನಕ್ಕು, ಗಂಡನ ತೋಳು ಹಿಡಿದು ತಿರುಗಿದರು. ಮುರುಗನ್ ಇಸ್ತ್ರಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

"ಅಯ್ಯೋ, ಹೋಗ್ಬೇಡ್ರೀ! ನಿಂತ್ಕೊಳ್ಳಿ, ಬೀಗದ ಕೈ ತರ್ತೀನಿ," ಅಂದೆ.

ಸಪ್ಪೆ ಸಾಲು, ಒಪ್ಪುತ್ತೇನೆ. ಯಾರೂ ಇದಕ್ಕೆ ರಾಗ ಹಾಕುವುದಿಲ್ಲ, ವಿಡಿಯೊ ಮಾಡುವುದಿಲ್ಲ. ಆದರೆ ಇಷ್ಟು ಹೊಳೆಯಲು ನನಗೆ ಮೂವತ್ತು ವರ್ಷ ಹಿಡಿಯಿತು.