ತೀರ್ಥದ ಬಾಟಲಿ

"ನಿಮ್ಮಲ್ಲಿ ಕಾವೇರಿ ತೀರ್ಥ ಉಂಟಾ ಅಣ್ಣಾ? ಅವ್ವಂಗೆ ಕೊನೆಗಾಲ. ಒಂದು ತೊಟ್ಟು ಸಾಕು."

ಬಾಗಿಲಲ್ಲಿ ನಿಂತಿದ್ದವನು ಬೆಳ್ಯಪ್ಪ. ಅಂಡಮಾನಿನ ಆ ಪುಟ್ಟ ದ್ವೀಪದಲ್ಲಿ ನನ್ನನ್ನು ಬಿಟ್ಟರೆ ಕೊಡಗಿನವರೆಂದರೆ ಅವನೂ ಅವನ ತಾಯಿಯೂ ಮಾತ್ರ. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಸಿದ್ದಾಪುರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಾನು, ಸಮುದ್ರದ ಚಿತ್ರ ಬರೆಯುತ್ತ ಇದ್ದುಬಿಡೋಣವೆಂದು ಕೆಲಸ ಬಿಟ್ಟು ಅಲ್ಲಿಗೆ ಹೋಗಿದ್ದೆ. ಹೊರಡುವಾಗ ಅಮ್ಮ ಸಂಕ್ರಮಣದ ತೀರ್ಥವನ್ನು ಬಾಟಲಿಗೆ ತುಂಬಿ, ಬಿರಡೆಗೆ ಮೇಣ ಹಚ್ಚಿ ಕೊಟ್ಟಿದ್ದರು.

ಆ ಬಾಟಲಿ ಖಾಲಿಯಾಗಿತ್ತು. ದ್ವೀಪದ ಬಾವಿ ನೀರು ಉಪ್ಪು. ಅದರಲ್ಲಿ ಕಲಸಿದ ಬಣ್ಣ ಒಣಗಿದರೆ ಬಿಳಿ ಕಲೆ ಏಳುತ್ತಿತ್ತು. ಹಿಂದಿನ ವಾರವಷ್ಟೇ ಒಂದು ಸಮುದ್ರದ ಚಿತ್ರಕ್ಕೆ ತೀರ್ಥದಲ್ಲಿ ಬಣ್ಣ ಕಲಸಿ ಮುಗಿಸಿದ್ದೆ. ತಡವರಿಸುತ್ತಲೇ ಹೇಳಿದೆ.

ಬೆಳ್ಯಪ್ಪ ಬೈಯಲಿಲ್ಲ. ಗೋಡೆಗೆ ಒರಗಿಸಿದ್ದ ಆ ಚಿತ್ರವನ್ನೊಮ್ಮೆ ನೋಡಿ, ಬಾಟಲಿ ಎತ್ತಿಕೊಂಡು, ನನ್ನ ಕೊಡದಿಂದ ಅದೇ ಬಾವಿ ನೀರು ಹುಯ್ದು ಕುಲುಕಿದ.

"ಅಡೀಲಿ ಚೂರಾದ್ರೂ ಉಳಿದಿರ್ತದೆ," ಎನ್ನುತ್ತ ಓಡಿದ.

ವರ್ಷ ತುಂಬುವ ಮೊದಲೇ ಆ ಚಿತ್ರದೊಂದಿಗೆ ಊರಿಗೆ ಮರಳಿದೆ. ಈಗ ಮನೆಗೆ ಬಂದವರೆಲ್ಲ ಆ ಚಿತ್ರದಲ್ಲಿ ನೀರು ಎಷ್ಟು ತಿಳಿಯಾಗಿದೆ ಎಂದು ಹೊಗಳುತ್ತಾರೆ. ಕಾಫಿ ತರುತ್ತೇನೆಂದು ನಾನು ಎದ್ದು ಒಳಗೆ ಹೋಗುತ್ತೇನೆ.