ಎರಡು ಕೆರೆಗಳ ನಡುವೆ ಕಾಲುಂಗುರದ ಸದ್ದು

ಮೊಮ್ಮಗಳು ಓಟ ಮುಗಿಸಿ ಬಂದು ಬಾಗಿಲ ಬಳಿ ಬೂಟು ಕಳಚಿದಾಗ, ಅದರ ಅಡಿಯ ಕೆಸರಿಗೆ ಒಂದು ಎಲೆ ನಜ್ಜುಗುಜ್ಜಾಗಿ ಅಂಟಿಕೊಂಡಿತ್ತು. ಬಿಡಿಸಿ ಮೂಗಿನ ಬಳಿ ಹಿಡಿದೆ. ಇಲ್ಲಿನ ಗುಡ್ಡಗಳಲ್ಲಿ, ಹಳ್ಳದ ಅಂಚಿನಲ್ಲಿ ಬೆಳೆಯುವ ಬೇ ಮರದ ಎಲೆ. ನಮ್ಮ ಪಲಾವಿನ ಎಲೆಗೆ ದೂರದ ನಂಟು ಇರಬಹುದು. ಆದರೆ ಇದರ ವಾಸನೆ ಅದಕ್ಕಿಂತ ಖಾರ, ಮೂಗಿನಿಂದ ನೇರ ನೆತ್ತಿಗೇರುವಂಥದು. ವಾಸನೆಯ ಹಿಂದೆಯೇ ಒಂದು ಸದ್ದೂ ನೆನಪಿಗೆ ಬಂತು, ಬೆಳ್ಳಿ ಚಿನ್ನಕ್ಕೆ ತಾಕುವ ಸಣ್ಣ ಸದ್ದು...

ಆ ನೆನಪಿನಲ್ಲೇ ನನ್ನನ್ನು ಇರಗೊಡಬಹುದಾಗಿತ್ತು. ಆದರೆ ಮೊಮ್ಮಗಳು ಓಟದಲ್ಲಿ ಕೊಟ್ಟ ಟೀ-ಶರ್ಟನ್ನು ನನ್ನ ಮುಂದೆ ಹರಡಿದಳು. ನಮ್ಮ ಕನ್ನಡ ಬಳಗ ಹೆಣ್ಣುಮಕ್ಕಳಿಗಾಗಿ ಕೆರೆಯ ಸುತ್ತ ನಡೆಸಿದ ಓಟವದು. ಬೆನ್ನಿನ ಮೇಲೆ ಕನ್ನಡದಲ್ಲಿ ಎರಡು ಸಾಲು ಅಚ್ಚಾಗಿತ್ತು: ನಮ್ಮ ಮಹಿಳೆಯರನ್ನು ಕಾಡಿನ ಹಾದಿಗೆ ಮೊದಲು ಕರೆತಂದವರಿಗೆ ನಮನ. ಕೆಳಗೆ, ಬಳಗದ ಹಿಂದಿನ ಅಧ್ಯಕ್ಷೆಯೊಬ್ಬರ ಹೆಸರು. ಮೊಮ್ಮಗಳಿಗೆ ಕನ್ನಡ ಓದಲು ಬರುವುದಿಲ್ಲ.

"ವಾಟ್ ಡಸ್ ಇಟ್ ಸೇ, ಅಜ್ಜಿ?"

"ಸುಳ್ಳು ಹೇಳುತ್ತೆ," ಎಂದೆ.

ಸುಳ್ಳು ಎಂಬ ಮಾತನ್ನು ನಾನು ಹಗುರವಾಗಿ ಆಡುವವಳಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಎಂಬತ್ತರ ದಶಕದ ನಡುವಿನ ವರ್ಷಗಳವು. ಅಮೆರಿಕದ ಪಶ್ಚಿಮ ತೀರದ ಲಾಸ್ ಗ್ಯಾಟೋಸ್ ಊರಿನ ಅಂಚಿನ ಅಪಾರ್ಟ್‌ಮೆಂಟೊಂದರ ಕೆಳಗಿನ ಮನೆಯಲ್ಲಿ ನಾವಿದ್ದೆವು. ಮೇಲಿನ ಮನೆಯಲ್ಲಿ ಮೈಸೂರಿನ ದಂಪತಿಗಳಿದ್ದರು. ವಯಸ್ಸಿನಲ್ಲಿ ಹಿರಿಯರಾದ್ದರಿಂದ ಆಕೆಯನ್ನು ಅಕ್ಕ ಎಂದೂ ಅವರ ಯಜಮಾನರನ್ನು ಭಾವ ಎಂದೂ ಕರೆಯುತ್ತಿದ್ದೆ. ಮನೆಗೊಂದೇ ಕಾರು, ಬೆಳಗಾದರೆ ಅದು ಗಂಡಂದಿರ ಜೊತೆ ಆಫೀಸಿಗೆ ಹೊರಟುಹೋಗುತ್ತಿತ್ತು. ನಮ್ಮ ವೀಸಾದಲ್ಲಿ ಕೆಲಸ ಮಾಡಲು ಅನುಮತಿಯಿರಲಿಲ್ಲ. ನನಗೆ ಸೊಂಟದ ಮೇಲೊಂದು ಮಗುವಾದರೂ ಇತ್ತು. ಅಕ್ಕನಿಗೆ ಮಕ್ಕಳಿರಲಿಲ್ಲ, ಅದನ್ನು ನೆನಪಿಸಲು ಬಳಗದ ಹೆಂಗಸರಿದ್ದರು.

ಕಾಲೇಜಿನ ದಿನಗಳಲ್ಲಿ ಅಕ್ಕ ಓಟಗಾರ್ತಿ. ಮದುವೆಯ ನಂತರ ಓಡಿದ್ದು ಬಸ್ಸು ಹಿಡಿಯುವುದಕ್ಕೆ ಮಾತ್ರ ಎಂದು ಅವರೇ ನಗುತ್ತಿದ್ದರು. ಊರೊಳಗಿನ ಕೆರೆಯ ಸುತ್ತ ಅಮೆರಿಕದ ಹೆಂಗಸರು ಓಡುವುದನ್ನು ಕಂಡ ಮೇಲೆ, ಒಂದು ದಿನ ಭಾವನ ಹಳೆಯ ಅಂಗಿ, ತಮ್ಮದೇ ಚೂಡಿದಾರದ ಪೈಜಾಮ ತೊಟ್ಟು ನನ್ನ ಬಾಗಿಲು ಬಡಿದರು. "ಮಗೂನ ತಳ್ಳೋಗಾಡೀಲಿ ಕೂರಿಸ್ಕೊ. ನೀನು ಕೆರೆ ಸುತ್ತು ಹಾಕ್ತಿರು, ನಾನೊಂದಿಷ್ಟು ದೂರ ಹೋಗಿ ಬರ್ತೀನಿ."

ಕೆಳಗಿನ ಕೆರೆಯಿಂದ ಹೊರಟ ಕಾಲುದಾರಿ ಹಳ್ಳದ ಪಕ್ಕದಲ್ಲೇ ಓಕ್ ಮತ್ತು ಬೇ ಮರಗಳ ಕೆಳಗೆ ಸಾಗಿ, ಅಣೆಕಟ್ಟಿನ ಏರನ್ನು ಹತ್ತಿ, ಗುಡ್ಡಗಳ ನಡುವಿನ ಮೇಲಿನ ಕೆರೆಯನ್ನು ಸೇರುತ್ತದೆ. ಮೊದಮೊದಲು ಅಕ್ಕ ಹಳ್ಳದ ಮೊದಲ ತಿರುವಿಗೇ ಏದುಸಿರು ಬಿಡುತ್ತ ಮರಳುತ್ತಿದ್ದರು. ಬೇಸಿಗೆ ಬರುವಷ್ಟರಲ್ಲಿ ಮೇಲಿನ ಕೆರೆಯನ್ನು ಮುಟ್ಟಿ ಬರತೊಡಗಿದರು. ಬೆವರಿನ ಜೊತೆ ಆ ಎಲೆಯ ವಾಸನೆಯನ್ನೂ ಮೈಗೆ ಹಚ್ಚಿಕೊಂಡು ಬರುತ್ತಿದ್ದರು. ಅಲ್ಲಿ ನೀರಿನ ಮೇಲೆ ಮಂಜು ಹೇಗೆ ಹರಿಯುತ್ತಿತ್ತು, ಜಿಂಕೆಯೊಂದು ದಾರಿ ಬಿಡದೆ ಹೇಗೆ ನಿಂತಿತ್ತು ಎಂದೆಲ್ಲ ಹೇಳುವಾಗ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಯಾವ ಪೂಜೆಯ ಮನೆಯಲ್ಲೂ ಕಂಡಿಲ್ಲ.

ತೊಂದರೆಯಾದದ್ದು ಕಾಲುಂಗುರದಿಂದ. ಮದುವೆಯ ದಿನ ಗಂಡ ಕಾಲು ಹಿಡಿದು ಕಲ್ಲಿನ ಮೇಲಿರಿಸಿ ತೊಡಿಸುವ ಆ ಬೆಳ್ಳಿಯುಂಗುರಗಳು ಬರಿಗಾಲಿಗೆ, ಚಪ್ಪಲಿಗೆ ಆದಾವು. ಓಟದ ಬೂಟಿಗೆ ಆಗುವುದಿಲ್ಲ. ಇಳಿಜಾರಿನಲ್ಲಿ ಬೆರಳುಗಳೆಲ್ಲ ಮುಂದಕ್ಕೆ ನೂಕಿಕೊಂಡು ಉಂಗುರ ಪಕ್ಕದ ಬೆರಳನ್ನು ಕೊರೆಯುತ್ತಿತ್ತು. ಅಕ್ಕ ಹತ್ತಿ ಸುತ್ತಿ ನೋಡಿದರು, ವ್ಯಾಸಲೀನ್ ಹಚ್ಚಿ ನೋಡಿದರು. ಕೊನೆಗೆ ತೆಗೆದರು. ಮನೆಯಲ್ಲಿಟ್ಟು ಬರಲು ಮನಸ್ಸಾಗಲಿಲ್ಲ. ಮಾಂಗಲ್ಯದ ಸರಕ್ಕೇ, ತಾಳಿಯ ಪಕ್ಕದಲ್ಲಿ ಪೋಣಿಸಿಕೊಂಡರು.

"ಕಾಲಿಂದು ಕತ್ತಿಗಾ, ಅಕ್ಕಾ?" ಎಂದು ನಾನೂ ಕೇಳಿದೆ.

"ಎರಡೂ ಅವರು ಕಟ್ಟಿದ್ದೇ ಅಲ್ವೇನೆ? ಜೊತೇಲಿದ್ರೆ ಒಂದಕ್ಕೊಂದು ಮಾತಾಡ್ಕೊಂಡಿರ್ತವೆ."

ನಿಜಕ್ಕೂ ಮಾತಾಡಿಕೊಳ್ಳುತ್ತಿದ್ದವು. ಮರಗಳ ಮರೆಯಿಂದ ಅಕ್ಕ ಕಾಣುವ ಮೊದಲೇ ಕಿಣಿಕಿಣಿ ಸದ್ದು ಕೇಳಿಸುತ್ತಿತ್ತು. ನನ್ನ ಮಗ ಗಾಡಿಯಲ್ಲಿ ಎದ್ದು ನಿಲ್ಲಲು ಹವಣಿಸುತ್ತಿದ್ದ. ಇದೆಲ್ಲ ಭಾವನಿಗೂ ಗೊತ್ತಿತ್ತು. "ಬೆಕ್ಕಿಗೆ ಗಂಟೆ ಕಟ್ಟಿದ ಹಾಗಾಯ್ತು, ಇನ್ನು ತಪ್ಪಿಸ್ಕೊಂಡು ಹೋಗೋ ಹಾಗಿಲ್ಲ," ಎಂದು ಹೆಂಡತಿಯನ್ನು ರೇಗಿಸುತ್ತಿದ್ದರು.

ಶರತ್ಕಾಲದಲ್ಲಿ ಊರಿನ ಓಟಗಾರರ ಕೂಟವೊಂದು ಕೆಳಗಿನ ಕೆರೆಯಿಂದ ಮೇಲಿನ ಕೆರೆಗೆ ಹೋಗಿ ಬರುವ ಸ್ಪರ್ಧೆ ಏರ್ಪಡಿಸಿತ್ತು. ಅಕ್ಕ ಹೆಸರು ಕೊಟ್ಟರು. ಗೆಲ್ಲುವ ಆಸೆಯಿರಲಿಲ್ಲ. "ಒಂದ್ಸಲ ಎದೆ ಮೇಲೆ ನಂಬರ್ ಹಚ್ಕೊಂಡು ಓಡ್ಬೇಕು ಕಣೆ. ಮದುವೆ ಆದ್ಮೇಲೆ ನಂದು ಅಂತ ಒಂದು ನಂಬರ್ ಇಲ್ಲ," ಎಂದಿದ್ದರು.

ವರಮಹಾಲಕ್ಷ್ಮಿಯ ಹಬ್ಬ ಅದಕ್ಕೂ ಮೊದಲು ಬಂತು. ಟೀ-ಶರ್ಟಿನ ಮೇಲೆ ಈಗ ಹೆಸರು ಮೂಡಿಸಿಕೊಂಡಿರುವ ಅಧ್ಯಕ್ಷೆಯ ಮನೆಯಲ್ಲೇ ಪೂಜೆ. ಕುಳಿತ ಸಾಲು ನನಗೆ ಇಂದಿಗೂ ನೆನಪಿದೆ: ಕಿಟಕಿಯ ಕಡೆಗೆ ನಾನು, ನನ್ನ ಬಲಕ್ಕೆ ಅಕ್ಕ, ಅವರ ಆಚೆಗೆ ಹಾಸನದಿಂದ ಹೊಸದಾಗಿ ಬಂದಿದ್ದ ಮದುಮಗಳು. ಅಧ್ಯಕ್ಷೆ ಅಂಚು ನೆಗ್ಗಿದ ಬೆಳ್ಳಿ ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಅರಿಶಿನ ಕುಂಕುಮ ಕೊಡುತ್ತ ಬಂದರು. ನನಗೆ ಕೊಟ್ಟರು. ಅಕ್ಕನ ಮುಂದೆ ಬಗ್ಗಿದವರು ಕಾಲು ನೋಡಿ ಹಾಗೇ ನಿಂತರು.

"ಏನ್ರೀ ಇದು, ಕಾಲು ಬೋಳುಬೋಳು? ಯಜಮಾನ್ರು ಚೆನ್ನಾಗಿದಾರೆ ತಾನೆ?"

"ಚೆನ್ನಾಗಿದಾರೆ. ಈಗ ಆಚೆ ರೂಮಲ್ಲಿ ನಿಮ್ಮನೆ ಒಬ್ಬಟ್ಟು ಮೂರನೇ ಸಲ ಹಾಕಿಸ್ಕೊತಿದಾರೆ," ಎಂದರು ಅಕ್ಕ.

ಹೆಂಗಸರು ನಕ್ಕರು. ಆ ನಗುವಿಗೇ ಅಧ್ಯಕ್ಷೆಗೆ ಉರಿದಿರಬೇಕು. ವಿಷಯ ಅಲ್ಲಿಗೇ ಮುಗಿಯಲೆಂದು ಅಕ್ಕ ಸರವನ್ನು ಸೆರಗಿನಿಂದ ಹೊರತೆಗೆದು, ಉಂಗುರಗಳು ಇಲ್ಲಿವೆ, ಓಡುವಾಗ ನೋವಾಗುತ್ತದೆಂದು ಹೀಗೆ ಹಾಕಿಕೊಂಡಿದ್ದೇನೆ ಎಂದು ತೋರಿಸಿದರು. ಅದೇ ತಪ್ಪಾಯಿತು.

"ಕಾಲಲ್ಲಿರೋದನ್ನ ತಾಳಿ ಪಕ್ಕ ನೇತಾಕ್ಕೊಂಡಿದೀರಾ? ಕಾಡಲ್ಲಿ ಓಡೋಕೆ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?"

ತಟ್ಟೆ ಅಕ್ಕನ ಮುಂದಿನಿಂದ ಜರುಗಿ ಮದುಮಗಳ ಮುಂದೆ ಹೋಯಿತು. ಇದು ನಡೆದದ್ದು ಹೀಗೆಯೇ; ಎಷ್ಟೋ ಹೆಂಗಸರು ನೋಡಿದರು. ನಾನು ನನ್ನ ಬೆರಳಲ್ಲಿದ್ದ ಕುಂಕುಮವನ್ನು ಅಕ್ಕನ ಹಣೆಗಿಟ್ಟೆ. ಮುಂದಿನ ಹಬ್ಬಗಳಿಗೆ ಆ ಮನೆಯಿಂದ ನನಗೂ ಕರೆ ಬರಲಿಲ್ಲ. ಅದರ ಬಗ್ಗೆ ನನಗೆ ದೂರಿಲ್ಲ.

ಮನೆಗೆ ಮರಳುವಾಗ ಕಾರಿನಲ್ಲಿ ಅಕ್ಕ ನಗುತ್ತಲೇ ಇದ್ದರು. ಮಾರನೆಯ ಬೆಳಿಗ್ಗೆ ಎಂದಿನಂತೆ ಓಡಿದರು. ಆದರೆ ಸ್ಪರ್ಧೆಗೆ ಇನ್ನು ಕೆಲವೇ ವಾರಗಳಿವೆ ಎನ್ನುವಾಗ ಆಫೀಸಿನಲ್ಲಿ ಭಾವನಿಗೆ ಎದೆನೋವು ಬಂತು, ಆಸ್ಪತ್ರೆಗೆ ಸೇರಿಸಿದರು.

ಅಧ್ಯಕ್ಷೆ ಸ್ಟೀಲ್ ಡಬ್ಬಿಯಲ್ಲಿ ಮೆಣಸಿನ ಸಾರು ತಂದರು. ತಂದದ್ದನ್ನು ತಂದರು ಎಂದೇ ಬರೆಯಬೇಕು. ಆದರೆ ಡಬ್ಬಿಯನ್ನು ಕೆಳಗಿಡುವ ಮೊದಲೇ, ಮಂಚದ ಮೇಲಿದ್ದ ಮನುಷ್ಯನಿಗೆ ಕೇಳುವಂತೆಯೇ, ಅಕ್ಕನಿಗೆ ಹೇಳಿದರು: "ನಾನು ಅವತ್ತೇ ಹೇಳ್ದೆ. ಇನ್ನಾದ್ರೂ ಹಾಕ್ಕೊಳಮ್ಮ."

ಭಾವ ಕಣ್ಣು ಬಿಟ್ಟು ನೋಡಿದರು. "ವರ್ಷಗಟ್ಟಲೆ ಸಿಗರೇಟು ಸೇದಿದ್ದು ನಾನು ಕಣ್ರೀ. ಇವಳ ಕಾಲ್ಬೆರಳಲ್ಲ."

ಆ ಕೋಣೆಯಲ್ಲಿ ಆಡಿದ ಮಾತುಗಳಲ್ಲಿ ಬುದ್ಧಿಯಿದ್ದದ್ದು ಅದೊಂದರಲ್ಲೇ. ಆದರೆ ಅಕ್ಕನಿಗೆ ಅದು ಕೇಳಿಸಿರಲಿಲ್ಲ. ಅವರು ತಮ್ಮ ಪಾದಗಳನ್ನೇ ನೋಡುತ್ತಿದ್ದರು. ಆಸ್ಪತ್ರೆಯ ಬಾತ್‌ರೂಮಿಗೆ ಹೋಗಿ, ಸೋಪು ಹಚ್ಚಿ, ಓಡಿ ಓಡಿ ದಪ್ಪಗಾಗಿದ್ದ ಬೆರಳುಗಳಿಗೆ ಉಂಗುರಗಳನ್ನು ತುರುಕಿಕೊಂಡು ಬಂದರು. ಓದಿದವರು, ನಕ್ಕು ಉತ್ತರ ಕೊಡಬಲ್ಲವರು, ಜಿಂಕೆಗೆ ದಾರಿಬಿಟ್ಟು ನಿಲ್ಲಬಲ್ಲವರು... ಅಂಥವರೊಳಗೂ ಒಂದೇ ಮಾತಿನಿಂದ ಭಯವನ್ನು ನೆಡಬಹುದೆಂದು ನಾನು ಅಂದು ಕಂಡೆ. ಕುಂಕುಮದ ತಟ್ಟೆ ಜರುಗಿಸಿದ್ದನ್ನಾದರೂ ಎಂದಾದರೊಂದು ದಿನ ಮನ್ನಿಸಿಯೇನು, ಇದನ್ನು ಮನ್ನಿಸಲಾರೆ.

ಭಾವ ಬೇಗ ಚೇತರಿಸಿಕೊಂಡರು. ಸ್ಪರ್ಧೆ ಬೇಡವೆಂದು ಅಕ್ಕ ಹೇಳಿದಾಗ ಒಪ್ಪಲಿಲ್ಲ. "ಡಾಕ್ಟ್ರು ನನಗೆ ನಡೀರಿ ಅಂದಿದಾರೆ. ನೀನು ಓಡು, ನಾನು ಕೆಳಗಿನ ಕೆರೆ ಹತ್ರ ನಡೀತಿರ್ತೀನಿ. ಆ ಉಂಗುರ ಮಾತ್ರ ತೆಗೆದು ಓಡು."

ಅಕ್ಕ ಓಡಲು ಒಪ್ಪಿದರು, ತೆಗೆಯಲು ಒಪ್ಪಲಿಲ್ಲ.

ಸ್ಪರ್ಧೆಯ ದಿನ ಎದೆಯ ಮೇಲೆ ನಂಬರ್ ಹಚ್ಚಿಕೊಂಡು ಹೊರಟ ಅಕ್ಕ ಮರಗಳ ನಡುವೆ ಮರೆಯಾಗುವವರೆಗೂ ಕೈ ಬೀಸುತ್ತಿದ್ದರು. ನಾನೂ ಭಾವನೂ ಕೆರೆಯ ದಂಡೆಯಲ್ಲಿ ಕಾದೆವು. ಒಬ್ಬೊಬ್ಬರಾಗಿ ಓಟಗಾರರು ಮರಳಿದರು. ನಾನು ಕಿವಿಗೊಟ್ಟು ಕುಳಿತಿದ್ದೆ, ಮಗನೂ ತಲೆಯೆತ್ತಿ ಹುಡುಕುತ್ತಿದ್ದ. ಯಾವ ಸದ್ದೂ ಬರಲಿಲ್ಲ. ಬೆಳ್ಳಿ ಬೂಟಿನೊಳಗಿತ್ತಲ್ಲ, ಎಲ್ಲಿಂದ ಬಂದೀತು?

ಓಟ ನಡೆಸಿದವರು ತಮ್ಮ ಮೇಜುಗಳನ್ನು ಮಡಿಸುವ ಹೊತ್ತಿಗೆ ಅಕ್ಕ ಕುಂಟುತ್ತ ಬಂದರು. ಅಣೆಕಟ್ಟಿನ ಏರನ್ನು ಚೆನ್ನಾಗಿಯೇ ಹತ್ತಿದ್ದರಂತೆ, ಮೇಲಿನ ಕೆರೆಯನ್ನು ಮುಟ್ಟಿದ್ದರಂತೆ. ಇಳಿಯುವಾಗ ಕಾಲು ಕೈಕೊಟ್ಟಿತು. ಬಿಳಿಯ ಕಾಲುಚೀಲಗಳ ಮುಂಭಾಗ ಕೆಂಪಾಗಿತ್ತು. ಭಾವ ಕಷ್ಟಪಟ್ಟು ನೆಲದ ಮೇಲೆ ಕುಳಿತು ಹೆಂಡತಿಯ ಬೂಟು ಬಿಚ್ಚಿದರು, ಕೆರೆಯ ನೀರನ್ನು ಬೊಗಸೆಯಲ್ಲಿ ತಂದು ಹನಿಸಿ, ಉಂಗುರಗಳನ್ನು ಮೆಲ್ಲನೆ ತಿರುಗಿಸಿ ತಿರುಗಿಸಿ ತೆಗೆದರು.

"ಅಯ್ಯೋ, ಬೇಡ ರೀ," ಎಂದರು ಅಕ್ಕ.

"ಸುಮ್ನಿರು. ತೊಡಿಸಿದ್ದು ನಾನು. ಬಳಗದೋರಲ್ಲ."

ತೆಗೆದದ್ದನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಅವರಿಬ್ಬರೂ ಅಂದು ಹಾಗೆ ಒಬ್ಬರನ್ನೊಬ್ಬರು ಆತುಕೊಂಡು, ಒಬ್ಬರು ಎದೆಯ ಮೇಲೆ ಕೈಯಿಟ್ಟು, ಇನ್ನೊಬ್ಬರು ಹಿಮ್ಮಡಿಯ ಮೇಲೆ ಭಾರ ಬಿಟ್ಟು, ಕಾರಿನವರೆಗೆ ನಡೆದುಹೋದದ್ದನ್ನು ನಾನು ಕಂಡೆ. ಅಲ್ಲಿಗೆ ಎಲ್ಲ ಸರಿಹೋಯಿತೆಂದೇ ಭಾವಿಸಿದೆ. ಆದರೆ ಮುಂದಿನ ವಾರ ಅಕ್ಕ ಹಾಲು ಕೇಳಲು ಕೆಳಗೆ ಬಂದಾಗ ಪಟ್ಟಿ ಸುತ್ತಿದ ಬೆರಳುಗಳಲ್ಲಿ ಉಂಗುರಗಳು ಮತ್ತೆ ಇದ್ದವು. ನಾನು ನೋಡಿದ್ದನ್ನು ಅವರು ನೋಡಿದರು. "ಅವರಿಗೆ ಏನೂ ಆಗದಿರಲಿ ಅಂತ ಕಣೆ. ಅಷ್ಟೇ," ಎಂದರು.

ಆಮೇಲೆ ಓಡಲಿಲ್ಲ. ನನ್ನ ಜೊತೆ ಕೆಳಗಿನ ಕೆರೆಯ ಸುತ್ತ ನಡೆಯುತ್ತಿದ್ದರು. ಹಳ್ಳದ ದಾರಿ ಕವಲೊಡೆಯುವಲ್ಲಿ ಮಾತು ಬದಲಿಸುತ್ತಿದ್ದರು. ಭಾವನ ಕೆಲಸ ಬದಲಾಗಿ ಅವರು ಪೂರ್ವದ ರಾಜ್ಯವೊಂದಕ್ಕೆ ಹೊರಟುಹೋದರು. ಹಬ್ಬಕ್ಕೆ ಫೋನು ಬರುತ್ತಿತ್ತು, ಆಮೇಲೆ ಅದೂ ಅಪರೂಪವಾಯಿತು... ಒಂದು ದಿನ ಬಂದ ಫೋನಿನಲ್ಲಿ ಭಾವನೇ ಮಾತಾಡಿದರು. ಅಕ್ಕನ ರಕ್ತಕ್ಕೆ ಅಂಟಿದ ಕ್ಯಾನ್ಸರ್ ಬಹಳ ಸಮಯ ಕೊಡಲಿಲ್ಲವಂತೆ. ಹೃದಯದ ರೋಗಿ ಉಳಿದರು.

ಸುದ್ದಿ ಕೇಳಿ ಅಧ್ಯಕ್ಷೆ ಅಂಗಡಿಯಲ್ಲಿ, ಅಕ್ಕಿಯ ಚೀಲಗಳ ಮುಂದೆ, ನನ್ನನ್ನು ತಡೆದು ನಿಲ್ಲಿಸಿದರು. "ಪುಣ್ಯವಂತೆ ಕಣ್ರೀ. ಮುತ್ತೈದೆಯಾಗಿ ಹೋದ್ರು," ಎಂದರು. ನಾನು ಉತ್ತರ ಕೊಡದೆ ಗಾಡಿ ತಳ್ಳಿಕೊಂಡು ಹೊರಬಂದೆ. ಕೊಡಬೇಕಾಗಿದ್ದ ಉತ್ತರ ಈಗ ಬರೆಯುತ್ತಿರುವುದೇ.

ಇನ್ನು ಟೀ-ಶರ್ಟಿನ ವಿಚಾರ. ವರ್ಷಗಳ ಮೇಲೆ ಅಧ್ಯಕ್ಷೆಗೆ ಸಕ್ಕರೆ ಕಾಯಿಲೆ ಬಂದು, ವೈದ್ಯರು ನಡೆಯಲು ಹೇಳಿದಾಗ, ನಾಲ್ಕು ಜನ ಗೆಳತಿಯರನ್ನು ಕಟ್ಟಿಕೊಂಡು ಅದೇ ಕೆರೆಯ ಸುತ್ತ ನಡೆದದ್ದು ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮೊದಲಿಗರು ಎಂಬುದನ್ನು ಅಲ್ಲಗಳೆಯುತ್ತೇನೆ. ಬಳಗಕ್ಕೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಆ ಕಡೆಯ ಹುಡುಗ ಮರ್ಯಾದಸ್ಥ. "ಅಯ್ಯೋ, ನಮಗೆ ಗೊತ್ತೇ ಇರಲಿಲ್ಲ ಆಂಟಿ. ನೆಕ್ಸ್ಟ್ ಟೈಮ್ ಸೇರಿಸ್ತೀವಿ. ಅವರು ಓಡ್ತಿರೋ ಫೋಟೋ ಏನಾದ್ರೂ ಇದ್ಯಾ?" ಎಂದ.

ಇಲ್ಲ. ನನ್ನ ಆಲ್ಬಮಿನಲ್ಲಿ ಅಕ್ಕ ಸೀರೆಯುಟ್ಟು ಸೋಫಾದ ಮೇಲೆ ಕುಳಿತಿದ್ದಾರೆ, ಕೇಕಿನ ಹಿಂದೆ ನಿಂತಿದ್ದಾರೆ. ಅವರು ಓಡುತ್ತಿದ್ದಾಗ ನನ್ನ ಎರಡೂ ಕೈಗಳು ತಳ್ಳುಗಾಡಿಯ ಮೇಲಿದ್ದವು. ಅಕ್ಕನ ಹೆಸರನ್ನು ನಾನಿಲ್ಲಿ ಬೇಕೆಂದೇ ಬರೆದಿಲ್ಲ. ಅದು ಮೊದಲು ಬರಬೇಕಾದ ಜಾಗದಲ್ಲಿ, ಆ ಟೀ-ಶರ್ಟಿನ ಬೆನ್ನ ಮೇಲೆ, ಮೊದಲು ಬರಲಿ.

ನಿನ್ನೆ ಮೊಮ್ಮಗಳ ಕೈಹಿಡಿದು ಕೆಳಗಿನ ಕೆರೆಗೆ ಹೋಗಿದ್ದೆ. ಅವಳು ಹಳ್ಳದ ದಾರಿಯಲ್ಲಿ ಓಡಿಹೋದಳು, ನಾನು ಕೋಲೂರಿ ಬೇ ಮರದ ಕೆಳಗೆ ನಿಂತೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕಿಣಿಕಿಣಿ ಎಂಬ ಸದ್ದು ವೇಗವಾಗಿ ಹತ್ತಿರ ಬಂತು. ನಾನು ತಿರುಗಿ ನೋಡದೆ, ದಾರಿಬಿಟ್ಟು ಪಕ್ಕಕ್ಕೆ ಸರಿದು ನಿಂತೆ. ಯಾರದೋ ನಾಯಿ. ಕೊರಳಪಟ್ಟಿಯ ಬಿಲ್ಲೆಗಳನ್ನು ಕುಣಿಸುತ್ತ ಓಡಿಹೋಯಿತು. ಅದು ಮರಗಳ ನಡುವೆ ಮರೆಯಾದ ಮೇಲೂ ನಾನು ದಾರಿಯನ್ನು ಬಿಟ್ಟೇ ನಿಂತಿದ್ದೆ...